ಪೌಡರ್ ಡಬ್ಬಿಯೊಳಗಿನ ಜಪಸರ

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ನಟರೊಬ್ಬರ ಕಥೆ ಇದು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ವಯಸ್ಸು ಮತ್ತು ನಾಟಕದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ವೃತ್ತಿ ನಾಟಕ ಕಂಪನಿಯೊಂದರ ಹಾಸ್ಯನಟರು ಅವರು, ಐವತ್ತರ ಆಸುಪಾಸು. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಗೆ ಕಂಪನಿ ಕ್ಯಾಂಪ್ ಹಾಕಿತ್ತು. ದಿನಕ್ಕೆ ಎರಡು ಆಟ. ಅವರು ಹೇಳಿಕೊಂಡ ತೊಂದರೆಯೂ ಎರಡೇ: ರಾತ್ರಿ ನಿದ್ದೆ ಇಲ್ಲ, ಎರಡನೆಯ ಅಂಕಕ್ಕೆ ಮೊದಲು ಎದೆ ಹಿಡಿದಂತಾಗುತ್ತದೆ. ಎದೆಯ ಮಾತು ಬಂದರೆ ನಾನು ಮೊದಲು ವೈದ್ಯರ ಬಳಿಗೆ ಕಳಿಸುತ್ತೇನೆ. ಇಸಿಜಿಯಲ್ಲಿ ದೋಷವಿರಲಿಲ್ಲ. ರಾತ್ರಿ ಹತ್ತರ ನಂತರ ನಾಲ್ಕು ಲೋಟ ಚಹಾ ಕುಡಿಯುತ್ತಿದ್ದರು ಎಂಬುದು ಮಾತ್ರ ತಿಳಿಯಿತು. ಅದನ್ನು ಒಂದಕ್ಕೆ ಇಳಿಸಿದೆವು.

ಮೂರನೆಯ ಭೇಟಿಯಲ್ಲಿ ಕೈಚೀಲದಿಂದ ಬಣ್ಣದ ಸಾಮಾನಿನ ಪೌಡರ್ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟರು. ತಳದಲ್ಲಿ ಒಂದು ಜಪಸರ ಸುತ್ತಿಕೊಂಡು ಕುಳಿತಿತ್ತು. ಮಣಿಗಳೆಲ್ಲ ಪುಡಿ ಮೆತ್ತಿ ಬೆಳ್ಳಗಾಗಿದ್ದವು. ಅವರು ಹುಟ್ಟಿದ್ದು ಕಥೋಲಿಕ ಕ್ರೈಸ್ತ ಮನೆಯಲ್ಲಿ. ಹತ್ತೊಂಬತ್ತನೇ ವಯಸ್ಸಿಗೆ ಕಂಪನಿ ಸೇರಿದಾಗ ಮಾಲೀಕರು ಇಟ್ಟ ಹೆಸರೇ ಉಳಿದುಬಿಟ್ಟಿತು. ಈಗ ವಿಷಯ ಗೊತ್ತಿರುವುದು ಹೆಂಡತಿಗೆ ಮಾತ್ರ. ಈಸ್ಟರ್‌ಗೆ ಮುಂಚಿನ ಉಪವಾಸದ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಹರಿಹರದ ಆರೋಗ್ಯ ಮಾತೆಯ ದೇವಾಲಯಕ್ಕೆ ಹೋಗಿ ಬಂದಿದ್ದರಂತೆ. ಅಲ್ಲಿನ ಗುರುಗಳು (ಪಾದ್ರಿ) ಹಣೆಗೆ ಬೂದಿಯಿಂದ ಹಚ್ಚಿದ ಶಿಲುಬೆಯನ್ನು ಬಸ್ಸಿನಲ್ಲಿಯೇ ಹೆಬ್ಬೆರಳಿನಿಂದ ಅಡ್ಡಕ್ಕೆ ಸವರಿಬಿಟ್ಟರು. ಟೆಂಟ್‌ನಲ್ಲಿ ಯಾರೂ ಕೇಳಲಿಲ್ಲ. ದಾವಣಗೆರೆಯಲ್ಲಿ ಹಣೆಯ ಮೇಲಿನ ಬೂದಿಯನ್ನು ಯಾರು ತಾನೇ ಕೇಳುತ್ತಾರೆ!

ಇಷ್ಟು ಕೇಳಿದ ನಾನು ಅವಸರಕ್ಕೆ ಬಿದ್ದೆ. ಸಿಕ್ಕಿಬೀಳುವ ಭಯವೇ ರೋಗದ ಮೂಲ ಎಂದು ತೀರ್ಮಾನಿಸಿ, ನಂಬಿಕಸ್ಥರೊಬ್ಬರಿಗಾದರೂ ಹೇಳಿಕೊಳ್ಳಿ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು.

“ಮೇಡಂ, ನನ್ನ ಮುಖ ಕಂಡರೆ ಜನ ನಗುತ್ತಾರೆ. ಬಸ್ ನಿಲ್ದಾಣದಲ್ಲಿ ನಗುತ್ತಾರೆ. ನಮ್ಮ ತಂದೆಯ ಮಣ್ಣಿಗೆ ಬಂದವರೂ ನಕ್ಕರು. ಚರ್ಚಿನ ಬಲಿಪೂಜೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಾಗ ಮಾತ್ರ ನಗುವವರಿಲ್ಲ. ಅದೊಂದು ನನಗೆ ಇರಲಿ ಬಿಡಿ.”

ಅಂದರೆ ಅದು ಭಯವಾಗಿರಲಿಲ್ಲ. ಮುಚ್ಚಿಡುವುದು ಬೇರೆ, ತನ್ನದೆಂದು ಇಟ್ಟುಕೊಳ್ಳುವುದು ಬೇರೆ. ಇಷ್ಟು ವರ್ಷ ಈ ಕುರ್ಚಿಯಲ್ಲಿ ಕುಳಿತೂ ನಾನು ಅದನ್ನು ಕಲಸಿಬಿಟ್ಟಿದ್ದೆ.

ಹಾಗಾದರೆ ಎದೆ ಹಿಡಿಯುವುದು ಯಾಕೆ? ಎರಡನೆಯ ಅಂಕದಲ್ಲಿ ಏನಿದೆ ಎಂದು ಕೇಳಿದೆ. ಕುಡುಕ ಪಾದ್ರಿಯ ದೃಶ್ಯವಿತ್ತು. ಹೊಸದಾಗಿ ಸೇರಿಸಿದ್ದು. ಬಾಟಲಿಯ ನೀರು ಚಿಮುಕಿಸಿ ನಾಯಕನಿಗೆ ಜ್ಞಾನಸ್ನಾನ, ಅಂದರೆ ಕ್ರೈಸ್ತ ದೀಕ್ಷೆ, ಮಾಡಿಸಬೇಕು. ಟೆಂಟ್ ಹಾರಿಹೋಗುವಷ್ಟು ನಗು. ಅದೂ ತಪಸ್ಸುಕಾಲದ ನಲವತ್ತು ದಿನಗಳಲ್ಲಿ. ಆಟ ಮುಗಿದ ಮೇಲೆ ಜಪಸರ ಹಿಡಿಯಲು ಕೈ ಬರುತ್ತಿರಲಿಲ್ಲ.

ಹಿಂದೆ ಗುರುಗಳೊಬ್ಬರು ಹೇಳಿದ್ದ ಸಂತ ಜೆನೆಸಿಯಸ್‌ನ ಐತಿಹ್ಯ ಬೇರೆ ಅವರನ್ನು ಕಾಡುತ್ತಿತ್ತು. ರೋಮ್‌ನ ಚಕ್ರವರ್ತಿ ಡಯೋಕ್ಲೀಷಿಯನ್‌ನ ಮುಂದೆ ಜ್ಞಾನಸ್ನಾನವನ್ನು ಗೇಲಿ ಮಾಡುತ್ತಿದ್ದ ನಟ, ಆಟದ ನಡುವೆಯೇ ನಂಬಿ, ರಂಗದ ಮೇಲೆಯೇ ಅದನ್ನು ಸಾರಿ ತಲೆ ಕೊಟ್ಟನಂತೆ. ನಟರ ಪಾಲಕ ಸಂತ. ಆಗಸ್ಟ್ 25 ಅವನ ಹಬ್ಬ. “ನಾನೂ ರಂಗದ ಮೇಲೆ ಹೇಳಿಬಿಡಬೇಕೇ?”

ನಂಬಿಕೆಯನ್ನು ಹೆಚ್ಚಿಸುವುದೂ ಇಳಿಸುವುದೂ ನನ್ನ ಕೆಲಸವಲ್ಲ. ಪಾಪವೋ ಅಲ್ಲವೋ ಎಂಬುದನ್ನು ಪಾಪನಿವೇದನೆಯಲ್ಲಿ ನಿಮ್ಮ ಗುರುಗಳನ್ನೇ ಕೇಳಿ ಎಂದೆ. ಆದರೆ ದೃಶ್ಯದ ಮಾತು ನಾನು ಆಡಬಹುದಿತ್ತು. ಮಾಲೀಕರ ಬಳಿ ಮನಸ್ಸು ನೋಯುತ್ತದೆ ಎನ್ನಬೇಡಿ, ಯಾಕೆ ಎಂಬ ಪ್ರಶ್ನೆ ಬರುತ್ತದೆ. ಇದಕ್ಕಿಂತ ಹೆಚ್ಚು ನಗಿಸುವ ಪಾತ್ರ ಕೈಯಲ್ಲಿ ಹಿಡಿದುಕೊಂಡು ಹೋಗಿ ಎಂದೆ. ಮಾಲೀಕರು ಒಪ್ಪದಿದ್ದರೆ ಏನು ಮಾಡುತ್ತೀರಿ ಎಂಬುದನ್ನು ಹೆಂಡತಿಯ ಜೊತೆ ಮೊದಲೇ ಮಾತಾಡಿಕೊಳ್ಳಲು ಹೇಳಿದೆ. ಸಂಬಳದ ಪ್ರಶ್ನೆ ಇಬ್ಬರದ್ದೂ. ಮತ್ತೆ ಹರಿಹರ. ಒಂದು ವಾರವೂ ತಪ್ಪಿಸಬೇಡಿ, ಯಾರಿಗೂ ಹೇಳಲೂ ಬೇಡಿ ಎಂದೆ. “ಬಾಗಿಲು ಹಾಕಿಕೊಂಡು ಪ್ರಾರ್ಥಿಸು ಎಂದು ಮತ್ತಾಯನ ಸುವಾರ್ತೆಯಲ್ಲಿಯೇ ಇದೆ ಮೇಡಂ” ಎಂದು ಅವರೇ ಹೇಳಿದರು. ಮೊದಲ ಸಲ ನಕ್ಕರು.

ಎರಡು ದಿನ ಕುಳಿತು ಫೈನಾನ್ಸ್‌ನ ಸಾಲ ವಸೂಲಿಗೆ ಬರುವ ಹುಡುಗನ ಪಾತ್ರ ಕಟ್ಟಿದರು. ನೋಡಲು ಬಂದ ಅರ್ಧ ಜನರ ಮನೆಗೆ ಅವನು ಬಂದೇ ಇರುತ್ತಾನೆ! ಮಾಲೀಕರು ಅನುಮಾನದಿಂದಲೇ ಒಪ್ಪಿದರು.

ಕ್ಯಾಂಪ್ ಮುಗಿಯುವ ಹೊತ್ತಿಗೆ ಫೋನ್ ಮಾಡಿದ್ದರು. ಹಿಂದಿನ ರಾತ್ರಿ ಯಾರೋ ಹಿಂದಿನಿಂದ “ಪಾದ್ರಿಯನ್ನು ಕರೆಸಿ” ಎಂದು ಕೂಗಿದರಂತೆ. ಇವರು ಪಾತ್ರ ಬಿಡದೆ, “ಅವರ ಮನೆಗೇ ಹೋಗಿದ್ದೆ, ಅವರದು ಸಾಲವೇ ಇಲ್ಲ. ನಿನ್ನದು ಮೂರು ಕಂತು ಬಾಕಿ” ಎಂದರಂತೆ. ಒನ್ಸ್ ಮೋರ್ ಬಿತ್ತು ಎಂದು ಹೇಳುತ್ತಿದ್ದಂತೆ ಅತ್ತ ಗಂಟೆ ಬಾರಿಸಿತು, ಫೋನ್ ಇಟ್ಟರು.