ನಿಮ್ಮ ಎರಡನೇ ಪುಟದ ಬಗ್ಗೆ ತಕರಾರಿದೆ

ನಮಸ್ಕಾರ. ಕೊರೊನಾ ಭಯ ಅಳೆಯುವ ಪ್ರಶ್ನಾವಳಿಗಳು ಭಾಷೆಯಿಂದ ಭಾಷೆಗೆ ಹೋದ ಕತೆ ಹೇಳುವ, ನೀವು ನಮ್ಮ ಪತ್ರಿಕೆಗೆ ಕಳಿಸಿದ ಲೇಖನ ಓದಿದೆ. ವಿಷಯ ಹೊಸದು, ಭಾಷೆ ತಿಳಿಯಾಗಿದೆ. ಹೊಗಳಿಕೆ ಇಷ್ಟೇ. ಎರಡನೇ ಪುಟ ಓದಿ ತಲೆ ಕೆಟ್ಟಿತು, ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

‘2020ರಲ್ಲಿ ಇರಾನಿನಲ್ಲಿ ತಯಾರಾದ ಏಳು ಪ್ರಶ್ನೆಗಳ ಮಾಪಕ ಹಲವು ಭಾಷೆಗಳಿಗೆ ಹೋಯಿತು’ ಅಂತೀರಿ. ಸರಿ, ಆದರೆ ಆ ಏಳರಲ್ಲಿ ಒಂದನ್ನಾದರೂ ಓದುಗರಿಗೆ ತೋರಿಸಬೇಕಿತ್ತು ಅಲ್ವಾ? ಕೊರೊನಾ ನೆನೆದರೆ ಅಂಗೈ ಬೆವರುತ್ತದೆ, ಸುದ್ದಿ ನೋಡಿದರೆ ಗಾಬರಿಯಾಗುತ್ತದೆ, ಅದೇ ಚಿಂತೆಯಲ್ಲಿ ನಿದ್ದೆ ಬರುವುದಿಲ್ಲ. ಇಂಥ ಮಾತುಗಳು ಅವು. ಒಪ್ಪುತ್ತೀರೋ ಇಲ್ಲವೋ, ಎಷ್ಟರ ಮಟ್ಟಿಗೆ ಅಂತ 1ರಿಂದ 5ರವರೆಗೆ ಗುರುತು ಹಾಕಬೇಕು. ಒಟ್ಟು 7ರಿಂದ 35.

ಮುಂದಿನ ಸಾಲು: ‘ಆಲ್ಫಾ ಚೆನ್ನಾಗಿ ಬಂದಿದೆ, ಹಾಗಾಗಿ ಅನುವಾದ ಸಾಬೀತಾಯಿತು.’ ಇಲ್ಲೇ ನನಗೆ ಸಿಟ್ಟು ಬಂದಿದ್ದು. ಕ್ರೋನ್‌ಬಾಕ್ ಆಲ್ಫಾ ಅನ್ನುವ ಈ ಅಂಕಿ ಹೇಳುವುದು ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದಿಕೊಂಡು ಹೋಗುತ್ತವೆ ಅನ್ನುವುದನ್ನ ಮಾತ್ರ. ಈ ಏಳೂ ಮಾತು ಒಂದೇ ದಿಕ್ಕಿನವು, ಒಪ್ಪಿದಷ್ಟೂ ಭಯ ಜಾಸ್ತಿ. ಕೆಲವರು ಕೇಳಿದ್ದಕ್ಕೆಲ್ಲ ಸುಮ್ನೆ ಹ್ಞೂ ಅಂತ ತಲೆಯಾಡಿಸಿದರೆ ಅವರ ಭಯದ ಅಂಕವೂ ಏರುತ್ತದೆ, ನಿಮ್ಮ ಆಲ್ಫಾವೂ ಏರುತ್ತದೆ.

ಪತ್ರಿಕೆಗೆ ಬರುವ ಮೊದಲು ನಾನು ಸರ್ವೆ ಕೆಲಸಕ್ಕೆ ಹಳ್ಳಿ ಸುತ್ತುತ್ತಿದ್ದೆ. ಜಗಲಿ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತ ಅಜ್ಜಿಯೊಬ್ಬರು ತಲೆ ಎತ್ತದೆ ಪ್ರತಿ ಪ್ರಶ್ನೆಗೂ ‘ಹ್ಞೂ, ಬರ್ಕೊಳಪ್ಪ’ ಅಂದರು. ಒಂದೇ ಸಾಲಿನಲ್ಲಿ ಉದ್ದಕ್ಕೆ ಟಿಕ್ ಬಿದ್ದ ಆ ಹಾಳೆ ನೋಡಿ ನಮ್ಮ ಮೇಲ್ವಿಚಾರಕರು ಕೇಳಿದ್ದು: ‘ಇವರು ಪ್ರಶ್ನೆಗೆ ಉತ್ತರ ಕೊಟ್ಟರಾ, ನಿನಗೆ ಕೊಟ್ಟರಾ?’ ಮರುದಿನ ವಾಪಸ್ ಕಳಿಸಿದರು. ಪ್ರಶ್ನೆ ಓದು, ಅವರಿಗೆ ಏನು ಅರ್ಥವಾಯಿತು ಅಂತ ಅವರ ಬಾಯಲ್ಲೇ ಹೇಳಿಸು, ಆಮೇಲೆ ಉತ್ತರ ಕೇಳು ಅಂದರು. ಪ್ರಶ್ನಾವಳಿ ಅನುವಾದಿಸುವವರೂ ಈ ಕೆಲಸ ಮಾಡಬೇಕು. ನೀವು ಅದನ್ನ ಅರ್ಧ ಸಾಲಲ್ಲಿ ಹಾರಿಸಿ, ತಿರುಗಿ ಮೂಲಭಾಷೆಗೆ ಅನುವಾದಿಸಿ ತಾಳೆ ನೋಡುವುದಕ್ಕೆ ಎರಡು ಪ್ಯಾರಾ ಕೊಟ್ಟಿದ್ದೀರಿ. ಆ ತಾಳೆಯಲ್ಲಿ ವಾಕ್ಯ ಸರಿಯಿದೆಯಾ ಅಂತ ಗೊತ್ತಾಗುತ್ತದೆ, ಅಜ್ಜಿಗೆ ಏನು ಕೇಳಿಸಿತು ಅಂತ ಗೊತ್ತಾಗುವುದಿಲ್ಲ.

ಇನ್ನು ನಿಮ್ಮ ಬಣ್ಣದ ಚಾರ್ಟ್. ಒಂದು ದೇಶದ ಸರಾಸರಿ ಇನ್ನೊಂದಕ್ಕಿಂತ ಜಾಸ್ತಿ, ‘ಆದ್ದರಿಂದ ಅಲ್ಲಿನವರು ಹೆಚ್ಚು ಅಂಜುಬುರುಕರು.’ ಯಾರು ಹೇಳಿದ್ದು? ಅಷ್ಟೇ ಭಯವಿರುವ ಇಬ್ಬರು ಎರಡು ಭಾಷೆಯಲ್ಲೂ ಸುಮಾರು ಅದೇ ಅಂಕಕ್ಕೆ ಟಿಕ್ ಹಾಕುತ್ತಾರೆ ಅಂತ ಮೊದಲು ತೋರಿಸಬೇಕು. ಅದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷೆಗಳಿವೆ: ಪ್ರಶ್ನೆಗಳು ಎರಡೂ ಕಡೆ ಒಂದೇ ಥರ ಗುಂಪಾಗುತ್ತವೆಯಾ, ಪ್ರತಿ ಪ್ರಶ್ನೆಯೂ ಭಯಕ್ಕೆ ಅಷ್ಟೇ ಬಲವಾಗಿ ಅಂಟಿಕೊಂಡಿದೆಯಾ, ಅಂಕಗಳು ಶುರುವಾಗುವ ಮಟ್ಟ ಒಂದೇನಾ. ಮೂರನೆಯದೂ ದಾಟಿದ ಮೇಲಷ್ಟೇ ಸರಾಸರಿ ಹೋಲಿಸಬಹುದು. ಇಲ್ಲದಿದ್ದರೆ ಸೆಕೆಯ ಬೆವರೂ ಭಯದ ಲೆಕ್ಕಕ್ಕೆ ಸೇರಿಬಿಡುತ್ತದೆ: ಮೇ ತಿಂಗಳ ಮಂಗಳೂರಿನಲ್ಲಿ ಅಂಗೈ ಬೆವರುವುದಕ್ಕೆ ಕೊರೊನಾನೇ ಬೇಕಾ ಹೇಳಿ.

ಅದೇ ಪುಟದ ಕೆಳಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಶರ್ಮನ್ ಲೀ ಅವರ ಐದು ಪ್ರಶ್ನೆಗಳ ಕೊರೊನಾ ಆತಂಕ ಮಾಪಕ ತಂದು, 20ಕ್ಕೆ ‘9 ದಾಟಿದವರೆಲ್ಲ ರೋಗಿಗಳು’ ಅಂದುಬಿಟ್ಟಿದ್ದೀರಿ. ಆ 9 ಬಂದಿದ್ದು 775 ವಯಸ್ಕರನ್ನ ಇಂಗ್ಲಿಷಿನಲ್ಲಿ ಕೇಳಿ. ಅದೂ ಇನ್ನಷ್ಟು ವಿಚಾರಿಸಬೇಕಾದವರು ಯಾರು ಅಂತ ಗುರುತಿಸುವ ಗೆರೆ, ಯಾರಿಗೂ ರೋಗಿ ಅಂತ ಹಣೆಪಟ್ಟಿ ಕಟ್ಟುವುದಕ್ಕಲ್ಲ. ಬೇರೆ ಭಾಷೆಗೆ ಹೋದಾಗ ಅಲ್ಲಿನ ವೈದ್ಯರ ತಪಾಸಣೆಯ ಪಕ್ಕ ಇಟ್ಟು ಆ ಗೆರೆಯನ್ನ ಮತ್ತೆ ಎಳೆಯಬೇಕು.

ಚಾರ್ಟ್ ತೆಗೆಯಿರಿ. ಆ ಏಳು ಪ್ರಶ್ನೆಗಳನ್ನ ನಿಮ್ಮ ಮನೆಯಲ್ಲೋ ಬೀದಿಯಲ್ಲೋ ನಾಲ್ಕು ಜನರಿಗೆ ಓದಿ ಹೇಳಿ, ಅವರು ಏನಂದರು ಅಂತ ಆ ಜಾಗದಲ್ಲಿ ಬರೆಯಿರಿ. ಉಳಿದ ಪುಟಗಳನ್ನ ಆಮೇಲೆ ನೋಡೋಣ. ಮತ್ತೆ ಕಳಿಸುವಾಗ ಯೂನಿಕೋಡ್‌ನಲ್ಲಿ ಕಳಿಸಿ, ಈ ಸಲ ಒತ್ತಕ್ಷರವೆಲ್ಲ ಚೆಲ್ಲಾಪಿಲ್ಲಿಯಾಗಿ ಬಂದಿತ್ತು.