ಸೀಸನ್ ಕೊನೆಯ ಮಾವಿಗೆ ಹುಳ: ಮೊದಲು ಮರದ ಬುಡ ನೋಡಿ

ಕೊನೆಯ ಕೊಯ್ಲಿನ ಮಾವು ಹೊರಗೆ ಚೆನ್ನಾಗಿದೆ, ಹೆಚ್ಚಿದರೆ ಒಳಗೆ ಹುಳ, ಕೀಟ ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟಿದರೂ ಕಡಿಮೆಯಾಗಿಲ್ಲ, ಯಾವ ಔಷಧಿ ಹೊಡೆಯಲಿ ಅಂತ ಕೇಳಿದ್ದೀರಿ. ದಯವಿಟ್ಟು ಈಗ ಹೊಡೆಯಬೇಡಿ. ಹುಳ ಇರುವುದು ತಿರುಳಿನಲ್ಲಿ, ಔಷಧಿ ಬೀಳುವುದು ಸಿಪ್ಪೆ ಮೇಲೆ. ಕೊಯ್ಲು ಹತ್ತಿರ ಬಂದಾಗ ಹೊಡೆದದ್ದು ತಿನ್ನುವವರ ಹೊಟ್ಟೆಗೇ ಹೋಗುತ್ತದೆ.

ಇದು ಹಣ್ಣು ನೊಣದ ಕೆಲಸ. ಒಂದು ಹಣ್ಣನ್ನು ಬೆಳಕಿಗೆ ತಿರುಗಿಸಿ ನೋಡಿ. ಸೂಜಿ ಚುಚ್ಚಿದಂಥ ಚುಕ್ಕೆ, ಕೆಲವೊಮ್ಮೆ ಅದರ ಮೇಲೆ ಒಸರಿ ಒಣಗಿದ ಅಂಟು ಕಾಣುತ್ತದೆ. ಹೆಣ್ಣು ನೊಣ ಅಲ್ಲೇ ಸಿಪ್ಪೆಯಡಿ ಮೊಟ್ಟೆ ಇಟ್ಟಿರುತ್ತದೆ. ಬೆಚ್ಚಗಿನ ಹವೆಯಲ್ಲಿ 1–2 ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಹುಳ ಸುಮಾರು ಒಂದು ವಾರ ತಿರುಳು ತಿಂದು, ಮಣ್ಣಿಗಿಳಿದು ಕೋಶವಾಗಿ, ಮತ್ತೆ ನೊಣವಾಗಿ ಹೊರಬರುತ್ತದೆ. ಮೊದಲ ಕೊಯ್ಲಲ್ಲಿ ಬುಡದಲ್ಲಿ ಕೊಳೆಯಲು ಬಿಟ್ಟ ಹಣ್ಣುಗಳಿಂದ ಹುಟ್ಟಿದ ನೊಣಗಳೇ ಈಗ ಕೊನೆಯ ಹಣ್ಣಿಗೆ ಮುತ್ತಿರುವುದು.

ಬಲೆಯಲ್ಲಿ ನೊಣ ಸೆಳೆಯಲು ಇಟ್ಟಿರುವ ವಾಸನೆಯ ವಸ್ತು ಮಿಥೈಲ್ ಯುಜೆನಾಲ್‌ಗೆ ಬರುವುದು ಗಂಡು ನೊಣ ಮಾತ್ರ. ಮೊಟ್ಟೆ ಇಡುವುದು ಹೆಣ್ಣು ಅಲ್ವಾ? ಹಣ್ಣು ಬಲಿಯುವ ಮೊದಲೇ ಕಟ್ಟಿದರೆ ಹೆಣ್ಣಿಗೆ ಜೊತೆ ಸಿಗುವುದು ಕಷ್ಟವಾಗುತ್ತದೆ. ತಡವಾಗಿ ಕಟ್ಟಿದರೆ ಪ್ರಯೋಜನ ಕಮ್ಮಿ.

ಹಾಗಾಗಿ ಇವತ್ತಿಂದಲೇ ಉದುರಿದ ಹಣ್ಣು ಆರಿಸಿ. ದಿನಾ ಆರಿಸಬೇಕು. ಹಕ್ಕಿ ಕುಕ್ಕಿದ್ದು, ಅರ್ಧ ಕೊಳೆತದ್ದು, ಗೋಲಿಯಷ್ಟು ಚಿಕ್ಕದು, ಯಾವುದನ್ನೂ ಬಿಡಬೇಡಿ. ಸುಮ್ನೆ ಗೊಬ್ಬರದ ಗುಂಡಿಗೆ ಎಸೆದರೆ ಅಲ್ಲೇ ನೊಣ ಸಾಕಿದಂತಾಗುತ್ತದೆ. ಎರಡು ಅಡಿ ಆಳದಲ್ಲಿ ಹೂತುಹಾಕಿ. ಇಲ್ಲವೇ ದಪ್ಪ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಲ್ಲಿಡಿ. ನನ್ನ ಪ್ರಕಾರ ಇದನ್ನು ಬಿಟ್ಟು ಮಾಡುವ ಬೇರೆಲ್ಲ ಖರ್ಚು ದಂಡ.

ಮರದಲ್ಲೇ ಹಣ್ಣಾಗಲಿ ಅಂತ ಕಾಯಲೂಬೇಡಿ. ತೊಟ್ಟಿನ ಅಕ್ಕಪಕ್ಕ ತುಂಬಿಕೊಂಡು ಉಬ್ಬಿದರೆ ಕಾಯಿ ಬಲಿತಿದೆ ಅಂತ ಅರ್ಥ. ಆಗಲೇ ತೊಟ್ಟು ಸಮೇತ ಕೊಯ್ಯಿರಿ, ಸೊನೆ ಸಿಪ್ಪೆಗೆ ತಾಗಿ ಸುಡುವುದಿಲ್ಲ. ಮೊಟ್ಟೆ ಒಳಗೆ ಸೇರಿರಬಹುದು ಅನಿಸಿದರೆ 48 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸಿಡುವ ಪದ್ಧತಿ ಇದೆ. ಥರ್ಮಾಮೀಟರ್ ಇಲ್ಲದೆ ಮಾತ್ರ ಮಾಡಬೇಡಿ. ಬಿಸಿ ಜಾಸ್ತಿಯಾದರೆ ಹಣ್ಣೇ ಕೆಡುತ್ತದೆ.

ಕೊಯ್ಲು ಮುಗಿದ ಮೇಲೆ ಬುಡದ ಮಣ್ಣನ್ನು ಮೇಲುಮೇಲೆ ಕೆದಕಿ, ಕೋಶಗಳು ಬಿಸಿಲಿಗೆ, ಇರುವೆಗೆ, ಹಕ್ಕಿಗೆ ಸಿಗಲಿ. ಪಕ್ಕದಲ್ಲಿ ಸೀಬೆ ಇದ್ದರೆ ಬಲೆ ಬಿಚ್ಚಬೇಡಿ. ಮಾವು ಮುಗಿದರೆ ನೊಣ ಅಲ್ಲಿಗೇ ಹೋಗುತ್ತದೆ.