ಬಾಯರ್ನ್ ಗೆಲ್ಲುವ ಲೀಗಿಗೆ ಇಷ್ಟೊಂದು ಜನ ಯಾಕೆ?

ಡಾರ್ಟ್‌ಮುಂಡ್‌ಗೆ ಮಾಸ್ಟರ್ಸ್ ಓದಲು ಬಂದು ಎರಡು ತಿಂಗಳಾಯಿತು, ಸೋಮವಾರ ಬಂತೆಂದರೆ ಲ್ಯಾಬಿನಲ್ಲಿ ಫುಟ್‌ಬಾಲ್ ಬಿಟ್ಟು ಬೇರೆ ಮಾತೇ ಇಲ್ಲ ಎಂದು ಬರೆದಿದ್ದೀರಿ. ವರ್ಷ ವರ್ಷ ಬಾಯರ್ನ್ ಮ್ಯೂನಿಕ್ಕೇ ಗೆಲ್ಲುವ ಬುಂಡೆಸ್‌ಲೀಗಾದಲ್ಲಿ, ಅಂದರೆ ಜರ್ಮನಿಯ ಮೊದಲ ದರ್ಜೆಯ ಲೀಗಿನಲ್ಲಿ, ಅಂಥದ್ದೇನಿದೆ, ಒಂದು ಪಂದ್ಯ ನೋಡಬೇಕಾದರೆ ಏನು ಮಾಡಬೇಕು ಎಂದೂ ಕೇಳಿದ್ದೀರಿ.

ನಿಮ್ಮ ದೂರು ಸುಳ್ಳಲ್ಲ. 2013ರಿಂದ 2023ರವರೆಗೆ ಸತತ 11 ಸಲ ಬಾಯರ್ನ್ ಗೆದ್ದಿದೆ. 2023ರ ಕೊನೆಯ ದಿನ ನಿಮ್ಮೂರಿನ ತಂಡ ಬೊರುಸಿಯಾ ಡಾರ್ಟ್‌ಮುಂಡ್ ತನ್ನದೇ ಮೈದಾನದಲ್ಲಿ ಮೈಂಟ್ಸ್ ಮೇಲೆ ಗೆದ್ದಿದ್ದರೆ ಸಾಕಿತ್ತು, 2-2 ಡ್ರಾ ಆಯಿತು. ಅತ್ತ ಕೋಲೋನಿನಲ್ಲಿ ಬಾಯರ್ನಿನ ಮುಸಿಯಾಲ 89ನೇ ನಿಮಿಷಕ್ಕೆ ಗೋಲು ಹೊಡೆದ. ಇಬ್ಬರಿಗೂ 71 ಅಂಕ. ಗೋಲಿನ ಲೆಕ್ಕದಲ್ಲಿ ಪ್ರಶಸ್ತಿ ಮ್ಯೂನಿಕ್ ಪಾಲಾಯಿತು. ಲ್ಯಾಬಿನಲ್ಲಿ ಆ ದಿನದ ಮಾತೆತ್ತಬೇಡಿ. ಮರುವರ್ಷ ಲೆವರ್‌ಕೂಸೆನ್ 34 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಮೊದಲ ಸಲ ಗೆದ್ದದ್ದು ಬೇರೆ ಮಾತು. ನಿಜವಾದ ಜಗಳ ಪಟ್ಟಿಯ ತಳದಲ್ಲಿ ನಡೆಯುತ್ತದೆ. 18 ತಂಡಗಳಲ್ಲಿ ಕೊನೆಯ ಎರಡು ನೇರವಾಗಿ ಕೆಳಗಿನ ಲೀಗಿಗೆ ಇಳಿಯುತ್ತವೆ. 16ನೆಯದು ಎರಡನೇ ಲೀಗಿನ ಮೂರನೇ ತಂಡದೊಡನೆ ಎರಡು ಪಂದ್ಯ ಆಡಿ ಉಳಿದುಕೊಳ್ಳಬೇಕು.

ಆದರೆ ಜನ ಬರುವುದು ಪಟ್ಟಿ ನೋಡಿಕೊಂಡಲ್ಲ. ಇಲ್ಲಿನ ಕ್ಲಬ್ಬು ಮೂಲತಃ ಒಂದು ಫೆರೈನ್, ಅಂದರೆ ಸದಸ್ಯರು ವರ್ಷಕ್ಕಿಷ್ಟು ಚಂದಾ ಕೊಟ್ಟು ನಡೆಸುವ ಸಂಘ. 1998ರಲ್ಲಿ ಕ್ಲಬ್ಬುಗಳು ಕಂಪನಿ ಮಾಡಿಕೊಳ್ಳಲು ಅನುಮತಿ ಸಿಕ್ಕಾಗ 50+1 ಎಂಬ ನಿಯಮವೂ ಬಂತು: ಹಣ ಯಾರೇ ಹಾಕಲಿ, ಅರ್ಧಕ್ಕಿಂತ ಒಂದು ಮತ ಹೆಚ್ಚು ಸಂಘದ ಕೈಯಲ್ಲಿರಬೇಕು. ಬೊರುಸಿಯಾ ಡಾರ್ಟ್‌ಮುಂಡ್ 2000ದಿಂದ ಷೇರುಪೇಟೆಯಲ್ಲಿದೆ. ಆದರೂ ಕಂಪನಿಯ ಆಡಳಿತ ನೋಡಿಕೊಳ್ಳುವ ಸಂಸ್ಥೆ ಪೂರ್ತಿ ಸಂಘದ್ದು. ಷೇರು ಎಷ್ಟು ಕೊಂಡರೂ ಕೋಚನ್ನು ನೀವು ಬದಲಾಯಿಸಲಾರಿರಿ. ಲೆವರ್‌ಕೂಸೆನ್, ವೋಲ್ಫ್ಸ್‌ಬುರ್ಗ್ ಕಾರ್ಖಾನೆ ತಂಡಗಳಾದ್ದರಿಂದ ಅವಕ್ಕೆ ವಿನಾಯಿತಿ ಇದೆ. ಲೈಪ್ಸಿಗ್ ತಂಡವನ್ನು ಬಹಳ ಜನ ಬೈಯುವುದೂ ಈ 50+1ರ ಕಾರಣಕ್ಕೇ. ಅಲ್ಲಿ ಸಂಘವೇನೋ ಇದೆ, ಮತ ಹಾಕುವ ಸದಸ್ಯರು ಬೆರಳೆಣಿಕೆಯಷ್ಟು.

ಇದು ಬರೀ ಕಾಗದದ ನಿಯಮವೂ ಅಲ್ಲ. 2023ರ ಡಿಸೆಂಬರಿನಲ್ಲಿ ಮೇಲಿನ ಎರಡು ಲೀಗುಗಳ 36 ಕ್ಲಬ್ಬುಗಳಲ್ಲಿ 24 ಮತ ಹಾಕಿ, ಪ್ರಸಾರದ ಆದಾಯದಲ್ಲಿ ಹೊರಗಿನ ಹೂಡಿಕೆದಾರರಿಗೆ ಪಾಲು ಕೊಡಲು ಒಪ್ಪಿದವು. ಅಭಿಮಾನಿಗಳು ವಾರಗಟ್ಟಲೆ ಮೈದಾನಕ್ಕೆ ಟೆನಿಸ್ ಚೆಂಡು ಎಸೆದು ಪಂದ್ಯ ನಿಲ್ಲಿಸಿದರು. 2024ರ ಫೆಬ್ರವರಿಯಲ್ಲಿ ಲೀಗು ಆ ಯೋಜನೆಯನ್ನೇ ಕೈಬಿಟ್ಟಿತು. ಇದಕ್ಕೂ ಮೊದಲು ಸೋಮವಾರ ರಾತ್ರಿಯ ಪಂದ್ಯಗಳನ್ನೂ ಹೀಗೇ ನಿಲ್ಲಿಸಿದ್ದರು. ದೂರದೂರಿಂದ ಬರುವವರು ಮಂಗಳವಾರ ಕೆಲಸಕ್ಕೆ ಹೋಗುವುದು ಹೇಗೆ ಎಂಬುದು ಅವರ ಸರಳ ವಾದ.

ನಿಮ್ಮೂರಿನ ಕ್ರೀಡಾಂಗಣಕ್ಕೆ 81,365 ಜನ ಹಿಡಿಸುತ್ತಾರೆ. ದಕ್ಷಿಣದ ಗ್ಯಾಲರಿಯೊಂದರಲ್ಲೇ ಸುಮಾರು 25,000 ಜನ ನಿಂತು ನೋಡುತ್ತಾರೆ. ಹಳದಿ ಗೋಡೆ ಅನ್ನುವುದು ಅದಕ್ಕೇ. ಕುರ್ಚಿ ಇಲ್ಲ, ಕಾಂಕ್ರೀಟ್ ಮೆಟ್ಟಿಲು, ಅಲ್ಲಲ್ಲಿ ಒರಗಲು ಕಬ್ಬಿಣದ ಕಂಬಿ. ಕೆಳಗೆ ಬೇಲಿಯ ಹತ್ತಿರ ಮೈದಾನಕ್ಕೆ ಬೆನ್ನು ಹಾಕಿ ಮೆಗಾಫೋನ್ ಹಿಡಿದು ನಿಂತವನು ಹಾಡಿಸುತ್ತಾನೆ, ಪಂದ್ಯ ಅವನು ನೋಡುವುದು ಕಡಿಮೆ. ಬೆಂಗಳೂರು ಎಫ್‌ಸಿ ಅಭಿಮಾನಿಗಳು ಸೇರುವ ಕಂಠೀರವದ ವೆಸ್ಟ್ ಬ್ಲಾಕ್ ನೋಡಿದ್ದರೆ ಅದನ್ನೇ ಹತ್ತಾರು ಪಟ್ಟು ದೊಡ್ಡದು ಮಾಡಿಕೊಳ್ಳಿ. ತಂಡದ ಪಟ್ಟಿ ಓದುವಾಗ ಮೈಕಿನವರು ಆಟಗಾರನ ಮೊದಲ ಹೆಸರಷ್ಟೇ ಹೇಳುತ್ತಾರೆ, ಮನೆತನದ ಹೆಸರು ಜನರ ಬಾಯಿಂದ ಬರಬೇಕು. ಡಾರ್ಟ್‌ಮುಂಡಿನಲ್ಲಿ ಆ ಕೆಲಸ ನಾರ್ಬರ್ಟ್ ಡಿಕೆಲ್ ಅವರದು. 1989ರ ಜರ್ಮನ್ ಕಪ್ ಫೈನಲ್‌ನಲ್ಲಿ ಎರಡು ಗೋಲು ಹೊಡೆದವರು. ಗೋಲಾದಾಗ ಅವರು ‘ಡಾಂಕೆ’ (ಧನ್ಯವಾದ) ಅಂದರೆ ಇಡೀ ಕ್ರೀಡಾಂಗಣ ‘ಬಿಟ್ಟೆ’ (ಪರವಾಗಿಲ್ಲ) ಅನ್ನುತ್ತದೆ. ಹೋದ ದಿನವೇ ನೀವೂ ಸೇರಿಕೊಳ್ಳಬಹುದಾದ ಜರ್ಮನ್ ಇದು.

ನಿಲ್ಲುವ ಜಾಗಕ್ಕೆ, ಅಂದರೆ ಶ್ಟೇಪ್ಲಾಟ್ಸ್‌ಗೆ, ಸಾಮಾನ್ಯವಾಗಿ 15ರಿಂದ 20 ಯೂರೋ. ವಿದ್ಯಾರ್ಥಿಗೆ ಎಟುಕುವ ಬೆಲೆ, ಸಿಗುವುದು ಮಾತ್ರ ಕಷ್ಟ. ಹಳದಿ ಗೋಡೆಯ ಜಾಗ ಬಹುಪಾಲು ವರ್ಷದ ಟಿಕೆಟ್ಟಿನವರದ್ದೇ. ಹೊಸಬರಿಗೆ ಇರುವ ದಾರಿ ಎರಡು. ಕ್ಲಬ್ಬಿನ ಸದಸ್ಯರಾಗಿ, ಸದಸ್ಯರಿಗಿರುವ ಮುಂಗಡ ಮಾರಾಟದ ದಿನ ಕಾದು ಕೂರುವುದು ಒಂದು. ಬರಲಾಗದವರು ಹಿಂದಿರುಗಿಸಿದ ಟಿಕೆಟ್ಟನ್ನು ಕ್ಲಬ್ಬಿನದೇ ಮರುಮಾರಾಟ ತಾಣದಲ್ಲಿ ಹಿಡಿಯುವುದು ಇನ್ನೊಂದು. ಪಂದ್ಯದ ಹಿಂದಿನ ಎರಡು ದಿನ ಆಗಾಗ ತೆರೆದು ನೋಡುತ್ತಿರಿ. ಸ್ಟೇಷನ್ ಎದುರು ಕೈಯಲ್ಲಿ ಮಾರುವವರ ಬಳಿಗೆ ಹೋಗಲೇಬೇಡಿ. ಕ್ಲಬ್ಬು ಅಂಥ ಟಿಕೆಟ್ಟನ್ನು ರದ್ದು ಮಾಡಿದ್ದರೆ ಗೇಟಿನಲ್ಲಿ ಕೆಂಪು ದೀಪ ಹತ್ತುತ್ತದೆ, ದುಡ್ಡೂ ಹೋಗುತ್ತದೆ.

ಮೊದಲ ಪಂದ್ಯಕ್ಕೆ ಪಕ್ಕದೂರು ಬೋಖುಮ್ ಒಳ್ಳೆಯದು. ರೈಲಿನಲ್ಲಿ ಹತ್ತಿಪ್ಪತ್ತು ನಿಮಿಷ. ಕ್ರೀಡಾಂಗಣ ಚಿಕ್ಕದು, ಗ್ಯಾಲರಿ ಮೈದಾನಕ್ಕೆ ಅಂಟಿಕೊಂಡಂತಿದೆ, ಡಾರ್ಟ್‌ಮುಂಡಿಗಿಂತ ಟಿಕೆಟ್ಟೂ ಸುಲಭ. ಇಲ್ಲವಾದರೆ ದೊಡ್ಡ ಕ್ರೀಡಾಂಗಣದ ಮಗ್ಗುಲಲ್ಲೇ ಇರುವ ರೋಟೆ ಏರ್ಡೆಗೆ ಹೋಗಿ. 1974ರವರೆಗೆ ಬೊರುಸಿಯಾ ಆಡುತ್ತಿದ್ದ ಹಳೆಯ ಮೈದಾನ ಅದು. ಈಗ ಎರಡನೇ ತಂಡ ಆಡುತ್ತದೆ, ಜನ ಕಡಿಮೆ, ಆಟಗಾರರ ಕೂಗಾಟವೂ ಕಿವಿಗೆ ಬೀಳುತ್ತದೆ.

ಬಟ್ಟೆಯ ಬಣ್ಣ ನೋಡಿಕೊಳ್ಳಿ. ನೀಲಿ-ಬಿಳಿ ನೆರೆಯ ಬದ್ಧ ಎದುರಾಳಿ ಶಾಲ್ಕೆಯ ಬಣ್ಣ. ಡಾರ್ಟ್‌ಮುಂಡಿನವರು ಆ ಹೆಸರನ್ನೂ ಬಾಯಲ್ಲಿ ತರದೆ ‘ಹೆರ್ನೆ-ವೆಸ್ಟ್’ ಅನ್ನುತ್ತಾರೆ, ಅವರು ಇವರನ್ನು ‘ಲ್ಯೂಡೆನ್‌ಶೈಡ್-ನಾರ್ಡ್’ ಅನ್ನುತ್ತಾರೆ. ತಮಾಷೆಯೇ, ಆದರೆ ತಪ್ಪು ಅಂಗಿ ತೊಟ್ಟು ನಿಲ್ಲುವ ಗ್ಯಾಲರಿಗೆ ಹೋದರೆ ಕಾವಲಿನವರೇ ವಾಪಸು ಕಳಿಸಬಹುದು. ಅರ್ಧ ಈ ತಂಡ, ಅರ್ಧ ಆ ತಂಡದ ಶಾಲು ಮಾರುತ್ತಿರುತ್ತಾರೆ. ಅದನ್ನು ಹೊದ್ದವರನ್ನು ಎರಡೂ ಕಡೆಯವರು ಪ್ರವಾಸಿ ಎಂದೇ ನೋಡುತ್ತಾರೆ. ಕಪ್ಪು ಜಾಕೆಟ್ ಎಲ್ಲ ಕಡೆಗೂ ಸರಿ.

ಶನಿವಾರ ಮಧ್ಯಾಹ್ನ 3:30ರ ಪಂದ್ಯವಾದರೆ 2 ಗಂಟೆಗೆ ಒಳಗಿರಿ. ನಿಲ್ಲುವ ಜಾಗಕ್ಕೆ ನಂಬರ್ ಇರುವುದಿಲ್ಲ, ಮೊದಲು ಬಂದವರಿಗೆ ಮೊದಲು. ಎ4 ಹಾಳೆಗಿಂತ ದೊಡ್ಡ ಬ್ಯಾಗು ಬಿಡುವುದಿಲ್ಲ, ಲ್ಯಾಪ್‌ಟಾಪ್ ಬ್ಯಾಗ್ ಹಾಸ್ಟೆಲಿನಲ್ಲೇ ಇರಲಿ. ಮೆಗಾಫೋನಿನವನ ಆಸುಪಾಸಿನ ನಡುಭಾಗ ಅಲ್ಟ್ರಾಗಳದ್ದು, ಅಂದರೆ ಕಟ್ಟಾ ಅಭಿಮಾನಿಗಳ ಗುಂಪಿನದ್ದು. ಅಲ್ಲಿ ನಿಂತರೆ 90 ನಿಮಿಷವೂ ಹಾಡಬೇಕು, ಮೊಬೈಲ್ ಎತ್ತಿ ವಿಡಿಯೋ ಮಾಡಿದರೆ ಬೈಗುಳ ಖಾತ್ರಿ. ಪಕ್ಕಕ್ಕೆ ಸರಿದು, ಕಂಬಿಗೆ ಬೆನ್ನು ಕೊಟ್ಟು ಅದರ ಮುಂದೆ ನಿಲ್ಲಿ. ಕಂಬಿಯ ಹಿಂದೆ ನಿಂತರೆ ಗೋಲಾದಾಗ ಹಿಂದಿನವರೆಲ್ಲ ನಿಮ್ಮನ್ನು ಕಂಬಿಗೆ ಒತ್ತುತ್ತಾರೆ. ಬಿಯರ್ ಲೋಟಗಳೂ ಆಗ ಹಾರುತ್ತವೆ, ತೋಯಬಾರದ್ದನ್ನು ಹಾಕಿಕೊಂಡು ಹೋಗಬೇಡಿ.

ಡಿಸೆಂಬರ್, ಜನವರಿಯಲ್ಲಿ ಚಳಿ ಹತ್ತುವುದು ಕಾಲಿನಿಂದ. ಕಾಂಕ್ರೀಟ್ ಶೂ ಅಡಿಯಿಂದ ಶಾಖ ಎಳೆದುಕೊಳ್ಳುತ್ತದೆ. ಹಳಬರು ರಟ್ಟಿನ ತುಂಡು ಹಾಸಿಕೊಂಡು ಅದರ ಮೇಲೆ ನಿಲ್ಲುತ್ತಾರೆ. ಎರಡು ಜೊತೆ ಕಾಲುಚೀಲ ಹಾಕಿಕೊಳ್ಳುವಾಗ ಶೂ ಬಿಗಿಯಾಗದಂತೆ ನೋಡಿ, ಬಿಗಿಯಾದರೆ ಇನ್ನೂ ತಣ್ಣಗಾಗುತ್ತದೆ. ತಿನ್ನಲು ಸಿಗುವ ಸಾಸೇಜು ಹೆಚ್ಚಾಗಿ ಹಂದಿಯದ್ದು. ಸಸ್ಯಾಹಾರಿಗಳಿಗೆ ಬ್ರೆಟ್ಸೆಲ್ ಎಂಬ ಬ್ರೆಡ್ಡು, ಆಲೂಗಡ್ಡೆ ಫ್ರೈಸ್. ಎಣ್ಣೆ ಯಾವುದಕ್ಕೆ ಬಳಸಿದ್ದು ಎಂದು ಕೇಳಿಕೊಳ್ಳಿ. ಲೋಟಕ್ಕೆ ಮುಂಗಡ, ಇಲ್ಲಿಯ ಮಾತಿನಲ್ಲಿ ಫಾಂಡ್, ಹಿಡಿದಿರುತ್ತಾರೆ. ಲೋಟ ವಾಪಸು ಕೊಟ್ಟರೆ ದುಡ್ಡು ಬರುತ್ತದೆ. ಕೆಲವರು ಲೋಟಗಳನ್ನು ಒಂದರೊಳಗೊಂದು ಪೇರಿಸಿ ಯಾವುದಾದರೂ ಸೇವಾಸಂಸ್ಥೆಯ ಡಬ್ಬಿಗೆ ಹಾಕುತ್ತಾರೆ.

ಟಿಕೆಟ್ ಸಿಗದ ವಾರ ಚಂದಾದಾರಿಕೆಗೆ ದುಡ್ಡು ಸುರಿಯಬೇಕಿಲ್ಲ. ಮನೆಗೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಹೇಗೂ ಕಟ್ಟುತ್ತೀರಿ. ಅದರಲ್ಲೇ ಶನಿವಾರ ಸಂಜೆ ಸಾರ್ವಜನಿಕ ವಾಹಿನಿ ಎಆರ್‌ಡಿಯಲ್ಲಿ ಪಂದ್ಯಗಳ ತುಣುಕು ತೋರಿಸುವ ಸ್ಪೋರ್ಟ್‌ಶೌ ಇದೆ, ಅದಕ್ಕಿಂತ ಚೆನ್ನಾದ ರೇಡಿಯೋ ಇದೆ. ಒಂದೇ ಹೊತ್ತಿಗೆ ನಡೆಯುವ ಪಂದ್ಯಗಳ ನಡುವೆ ವೀಕ್ಷಕ ವಿವರಣೆ ಜಿಗಿಯುತ್ತಿರುತ್ತದೆ. ಒಬ್ಬರ ಮಾತಿನ ನಡುವೆಯೇ ಇನ್ನೊಬ್ಬರು ‘ಟೋರ್!’ (ಗೋಲು!) ಎಂದು ಕೂಗಿ ನುಗ್ಗುತ್ತಾರೆ. ಎರಡು ತಿಂಗಳು ಕೇಳಿದರೆ ಜರ್ಮನ್ ಭಾಷೆಯ ಬಿ1 ಪರೀಕ್ಷೆಯ ಕೇಳುವ ಭಾಗ ಸಲೀಸು ಅನ್ನಿಸುತ್ತದೆ.

ಪಂದ್ಯ ಮುಗಿದ ಮೇಲೆ ಯು-ಬಾನ್ (ನೆಲದಡಿಯ ರೈಲು) ಮೆಟ್ಟಿಲಿನತ್ತ ಓಡಬೇಡಿ. 80,000 ಜನ ಒಟ್ಟಿಗೆ ಅಲ್ಲಿಗೇ ನುಗ್ಗುತ್ತಾರೆ. ಮುಖ್ಯ ಸ್ಟೇಷನ್ ಮೂರು ಕಿಲೋಮೀಟರಿನಷ್ಟು ದೂರ. ಕ್ರಾಯ್ಟ್ಸ್‌ಫೀರ್ಟೆಲ್ ಬೀದಿಗಳ ಮೂಲಕ ಮುಕ್ಕಾಲು ಗಂಟೆ ನಡೆದರೆ ಆಯಿತು, ದಾರಿ ಕೇಳಬೇಕಿಲ್ಲ, ಹಳದಿ ಶಾಲುಗಳ ಹಿಂದೆ ಹೋಗಿ.